ಮೊಬೈಲ್‌ನಲ್ಲಿ ಓಡುವ ವೈಫೈ ಲ್ಯಾಪ್‌ಟಾಪ್‌ನಲ್ಲಿ ತೆವಳುತ್ತಿದೆ, ಅನುಭವವಿದ್ದವರು ತಿಳಿಸಿ

ಕೇಳಿದವರು

ಸೋಮವಾರ ಬೆಳಗಿನಿಂದ ನನ್ನ ಲ್ಯಾಪ್‌ಟಾಪ್‌ನ ವೈಫೈ ಇದ್ದಕ್ಕಿದ್ದಂತೆ ನಿಧಾನವಾಗಿದೆ. ನಮ್ಮದು 100 ಎಂಬಿಪಿಎಸ್ ಸಂಪರ್ಕ. ಮೇಜಿನ ಮೇಲೆ ಮೊಬೈಲ್ ಇಟ್ಟು ಪರೀಕ್ಷಿಸಿದರೆ 92 ಬರುತ್ತದೆ. ಅದೇ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ನಲ್ಲಿ 6 ದಾಟುವುದಿಲ್ಲ. ಸಿಗ್ನಲ್ ಗೆರೆಗಳು ಮಾತ್ರ ಪೂರ್ತಿ ಇವೆ. ವಿಂಡೋಸ್ 11, ನಾಲ್ಕು ವರ್ಷ ಹಳೆಯ ಯಂತ್ರ. ರೂಟರ್ ಅನ್ನು ಎರಡು ಸಲ ಆರಿಸಿ ಹಾಕಿದ್ದೂ ಆಯಿತು. ಹಿಂದಿನ ವಾರ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಂಡು ಫೋಟೊಗಳನ್ನೆಲ್ಲ ಅದಕ್ಕೆ ಬ್ಯಾಕಪ್ ಮಾಡುತ್ತಿದ್ದೇನೆ. ಭಾನುವಾರ ರಾತ್ರಿ ಸ್ವಲ್ಪ ಹೊತ್ತು ವಿದ್ಯುತ್ ಹೋಗಿ ಬಂದಿತ್ತು. ಇವೆರಡನ್ನು ಬಿಟ್ಟರೆ ಹೊಸದೇನೂ ಇಲ್ಲ. ನನ್ನ ಕೆಲಸವೆಲ್ಲ ವಿಡಿಯೊ ಕರೆಗಳ ಮೇಲೆ ನಿಂತಿದೆ. ಇಂಥದ್ದನ್ನು ಅನುಭವಿಸಿ ಸರಿಪಡಿಸಿಕೊಂಡವರು ದಯವಿಟ್ಟು ದಾರಿ ತೋರಿಸಿ.

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು

ಮೊಬೈಲನ್ನು ಅದೇ ಮೇಜಿನ ಮೇಲಿಟ್ಟು ನೋಡಿದಿರಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಸಂಪರ್ಕ ಕೊಟ್ಟವರಿಗೆ ದೂರು ಕೊಡುವುದೂ ಬೇಡ, ಹೊಸ ರೂಟರ್ ಕೊಳ್ಳುವುದೂ ಬೇಡ. ರೂಟರ್‌ವರೆಗೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿದೆ. ಸೋರಿಕೆ ಇರುವುದು ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ, ಇಲ್ಲವೇ ಲ್ಯಾಪ್‌ಟಾಪ್‌ನ ಒಳಗೆ.

ಇಂಥ ದೂರು ಬಂದಾಗ ನಾನು ಮೊದಲು ತೆರೆಯುವುದು ಒಂದೇ ಪುಟ: ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ವೈಫೈ, ಅದರೊಳಗೆ ಪ್ರಾಪರ್ಟೀಸ್. ಅಲ್ಲಿ ಲಿಂಕ್ ಸ್ಪೀಡ್, ಬ್ಯಾಂಡ್, ಚಾನೆಲ್ ಎಂಬ ಸಾಲುಗಳು ಸಿಗುತ್ತವೆ. ಬ್ಯಾಂಡ್ ಎಂದರೆ ವೈಫೈ ಓಡುವ ರೇಡಿಯೊ ಹೆದ್ದಾರಿ, 2.4 ಅಥವಾ 5 ಗಿಗಾಹರ್ಟ್ಸ್; ಚಾನೆಲ್ ಎಂದರೆ ಅದರೊಳಗಿನ ಒಂದು ಓಣಿ. ಅವನ್ನು ಬರೆದಿಟ್ಟುಕೊಳ್ಳುವ ತನಕ ಬೇರೇನನ್ನೂ ಮುಟ್ಟಬೇಡಿ. ಒಂದೇ ಸಲಕ್ಕೆ ಐದಾರು ಸೆಟ್ಟಿಂಗ್ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯದಂತಾಗುತ್ತದೆ.

ಲಿಂಕ್ ಸ್ಪೀಡ್ ಎಂದರೆ ಇಂಟರ್ನೆಟ್ ವೇಗವಲ್ಲ. ಲ್ಯಾಪ್‌ಟಾಪ್ ಮತ್ತು ರೂಟರ್ ತಮ್ಮತಮ್ಮಲ್ಲಿ ಒಪ್ಪಿಕೊಂಡ ವೇಗ ಅದು. ನಿಜವಾಗಿ ಕೈಗೆ ದಕ್ಕುವುದು ಅದರ ಅರ್ಧ, ಅಥವಾ ಅದಕ್ಕಿಂತ ತುಸು ಹೆಚ್ಚು. ಎಷ್ಟೋ ಸಲ ಆ ಸಂಖ್ಯೆಯೇ ರೋಗದ ಹೆಸರು ಹೇಳಿಬಿಡುತ್ತದೆ. ನಿಮ್ಮ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ 866 ಕಂಡರೆ 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಎರಡೂ ಆ್ಯಂಟೆನಾಗಳು ದುಡಿಯುತ್ತಿವೆ ಎಂದರ್ಥ. 433 ಕಂಡರೆ ಒಂದೇ ದುಡಿಯುತ್ತಿದೆ ಎಂದು ಅನುಮಾನಿಸಬೇಕು. 144 ಅಥವಾ 72 ಇದ್ದರೆ ನೀವು 2.4 ಗಿಗಾಹರ್ಟ್ಸ್‌ಗೆ ಇಳಿದಿರುವ ಸಾಧ್ಯತೆ ಹೆಚ್ಚು. 54ರಲ್ಲಿ ಅಂಟಿಕೊಂಡಿದ್ದರೆ ರೂಟರ್‌ನ ಭದ್ರತೆಯ ಪುಟ ನೋಡಿ. ನಮ್ಮ ಲ್ಯಾಬ್‌ನಲ್ಲಿ ಒಮ್ಮೆ ಇಡೀ ಕೋಣೆಯ ಯಂತ್ರಗಳು 54ಕ್ಕೆ ಕುಸಿದಿದ್ದವು. ಯಾರೋ ರೂಟರ್‌ನಲ್ಲಿ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನವನ್ನು ಆರಿಸಿಟ್ಟಿದ್ದರು. 2009ರಿಂದ ಈಚಿನ ವೈಫೈ ಮಾನದಂಡಗಳ ಹೆಚ್ಚಿನ ವೇಗಗಳಿಗೆ ಆ ವಿಧಾನದ ಜೊತೆ ಅನುಮತಿಯೇ ಇಲ್ಲ. ಡಬ್ಲ್ಯುಪಿಎ2 ಎಇಎಸ್ ಎಂಬ ಹೊಸ ವಿಧಾನಕ್ಕೆ ಬದಲಿಸಿದ ಮರುಕ್ಷಣವೇ ಎಲ್ಲವೂ ಮೇಲೆದ್ದವು.

ಇನ್ನೊಂದು ಪರೀಕ್ಷೆ: ಕಮಾಂಡ್ ಪ್ರಾಂಪ್ಟ್ ತೆರೆದು ರೂಟರ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಿರಿ. ಉತ್ತರ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ, ಒಂದೇ ಹದದಲ್ಲಿ ಬರಬೇಕು. 3, 4, 280, 5, 610 ಎಂದು ಕುಣಿಯುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ, ತಂತಿಯಲ್ಲಿ ಅಲ್ಲ.

ಅನುವಾದ ಮಾಡುವವರು

ನನಗೆ ಹೀಗಾಗುತ್ತಿದ್ದುದು ಚಾರ್ಜರ್ ತೆಗೆದಾಗ ಮಾತ್ರ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ವೈಫೈ ಕಾರ್ಡನ್ನು ಅರೆನಿದ್ದೆಯಲ್ಲಿ ಇಡುತ್ತಿತ್ತು. ಪವರ್ ಆಪ್ಷನ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್‌ಗೆ ಗರಿಷ್ಠ ಕಾರ್ಯಕ್ಷಮತೆ ಆರಿಸಿದ ಮೇಲೆ ಸರಿಹೋಯಿತು. ಚಾರ್ಜರ್ ಹಾಕಿ, ತೆಗೆದು, ಎರಡು ಸಲ ವೇಗ ಪರೀಕ್ಷಿಸಿ ನೋಡಿ, ಎರಡು ನಿಮಿಷದ ಕೆಲಸ.

ಫೋಟೊಗಳು ಹಾರ್ಡ್‌ಡಿಸ್ಕ್‌ಗೆ ಮಾತ್ರ ಹೋಗುತ್ತಿವೆಯೋ, ಇಂಟರ್ನೆಟ್ ಮೂಲಕ ಕ್ಲೌಡ್‌ಗೂ ಹೋಗುತ್ತಿವೆಯೋ ಅದನ್ನೂ ಖಚಿತಪಡಿಸಿಕೊಳ್ಳಿ. ಅಪ್‌ಲೋಡ್ ದಾರಿ ಕಿಕ್ಕಿರಿದರೆ ಡೌನ್‌ಲೋಡ್ ಕೂಡ ನರಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಎಂಬ ಕಂಬಸಾಲಿನ ತಲೆ ಒತ್ತಿದರೆ ಹೆಚ್ಚು ನುಂಗುತ್ತಿರುವ ತಂತ್ರಾಂಶ ಮೇಲೆ ಬಂದು ನಿಲ್ಲುತ್ತದೆ. ಇಂಟರ್ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ವಿಪಿಎನ್ ಇದ್ದರೆ ಪರೀಕ್ಷೆಯ ಹೊತ್ತಿಗೆ ಅದನ್ನೂ ನಿಲ್ಲಿಸಿ.

ಲ್ಯಾಪ್‌ಟಾಪ್ ದುರಸ್ತಿ ಮಾಡುವವರು

ಇತ್ತೀಚೆಗೆ ಯಂತ್ರವನ್ನು ಯಾರಾದರೂ ಬಿಚ್ಚಿದ್ದರೇ? ಬ್ಯಾಟರಿ ಬದಲಾಯಿಸುವುದಕ್ಕೆ, ಫ್ಯಾನಿನ ಧೂಳು ತೆಗೆಯುವುದಕ್ಕೆ? ಇದನ್ನು ಕೇಳಲು ಕಾರಣವಿದೆ. ಲ್ಯಾಪ್‌ಟಾಪ್‌ನ ವೈಫೈ ಆ್ಯಂಟೆನಾಗಳು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ ಇರುತ್ತವೆ. ಅಲ್ಲಿಂದ ಎರಡು ಸಣ್ಣ ತಂತಿಗಳು, ಹೆಚ್ಚಾಗಿ ಒಂದು ಕಪ್ಪು, ಒಂದು ಬಿಳಿ, ಕೀಲಿನ ಒಳಗಿಂದ ಇಳಿದು ಬಂದು ವೈಫೈ ಕಾರ್ಡಿನ ಮೇಲೆ ಕೂರುತ್ತವೆ. ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಲೋಹದ ಟೊಪ್ಪಿ. ಬೆರಳ ತುದಿಯಿಂದ ಒತ್ತಿದಾಗ ಟಿಕ್ ಎಂದು ಕೂತರೆ ಸರಿ. ಕೂತಂತೆ ಕಂಡು ಕೂರದಿದ್ದರೆ ವಾರದ ನಂತರ ಎದ್ದುಬಿಡುತ್ತದೆ. ಆಗ ವೈಫೈ ಸತ್ತುಹೋಗುವುದಿಲ್ಲ, ಕುಂಟುತ್ತದೆ. ರೂಟರ್ ಪಕ್ಕದಲ್ಲಿ ಚೆನ್ನಾಗಿ, ಒಂದು ಗೋಡೆ ದಾಟಿದರೆ ಹೀನಾಯವಾಗಿ. ಕೀಲು ಸಡಿಲವಾದ ಹಳೆಯ ಯಂತ್ರಗಳಲ್ಲಿ ಪರದೆಯನ್ನು ಹಿಂದೆ ಮುಂದೆ ವಾಲಿಸಿದಾಗ ವೇಗ ಏರಿಳಿದರೆ, ಒಳಗೆ ತಂತಿ ಸವೆದಿದೆ ಎಂದು ತಿಳಿಯಬಹುದು. ಆದರೆ ಗೆರೆಗಳು ಪೂರ್ತಿ ಇವೆ ಎಂದಿದ್ದೀರಿ; ಹಾಗಾಗಿ ನಿಮ್ಮದು ಇದಲ್ಲ ಎನಿಸುತ್ತದೆ. ಬಿಚ್ಚಿಸಲು ಆತುರಪಡಬೇಡಿ.

ಡ್ರೈವರ್, ಅಂದರೆ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶದ ಬಗ್ಗೆ ಒಂದು ಮಾತು. ವೇಗ ಕುಸಿದ ದಿನವೇ ವಿಂಡೋಸ್ ಅಪ್‌ಡೇಟ್ ಆಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಹೆಸರಿನಡಿ ಹಿಂದಿನ ಡ್ರೈವರ್‌ಗೆ ಮರಳುವ ಗುಂಡಿ ಇದೆ. ನೆಟ್‌ವರ್ಕ್ ರೀಸೆಟ್ ಕಡೆಯ ಅಸ್ತ್ರವಾಗಿರಲಿ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಅಳಿಸುತ್ತದೆ.

ವಿಡಿಯೊ ಸಂಕಲನ ಮಾಡುವವರು

ಹಾರ್ಡ್‌ಡಿಸ್ಕ್ ಎಂಬ ಪದ ಓದಿದ ಕೂಡಲೇ ಬರೆಯುತ್ತಿದ್ದೇನೆ. ಎರಡು ತಿಂಗಳು ನಾನು ಇದೇ ಸಂಕಟ ಪಟ್ಟೆ. ಹಗಲೆಲ್ಲ ವೈಫೈ ನಿಧಾನ, ರಾತ್ರಿ ಕೆಲಸ ಮುಗಿಸಿ ಹಾಸಿಗೆಯಲ್ಲಿ ಕೂತು ನೋಡಿದರೆ ಸೊಗಸಾಗಿ ಓಡುತ್ತಿತ್ತು. ಹಗಲಿನಲ್ಲಿ ಅಕ್ಕಪಕ್ಕದವರ ರೂಟರ್‌ಗಳು ಹೆಚ್ಚು ದುಡಿಯುತ್ತವೆ, ಅದಕ್ಕೇ ಹೀಗೆ ಎಂದುಕೊಂಡು ಚಾನೆಲ್ 1, 6, 11 ಮೂರನ್ನೂ ಸರದಿಯಲ್ಲಿ ಹಾಕಿದೆ. ಏನೂ ಆಗಲಿಲ್ಲ. ಒಂದು ದಿನ ಪಿಂಗ್ ಓಡುತ್ತಿರುವಾಗಲೇ ಡಿಸ್ಕಿನ ಕೇಬಲ್ ಕಿತ್ತೆ. 400, 350, 520 ಎಂದು ಉರುಳುತ್ತಿದ್ದ ಸಾಲುಗಳು ಥಟ್ಟನೆ 4, 3, 4 ಆದವು. ಮತ್ತೆ ಚುಚ್ಚಿದೆ, ಮತ್ತೆ 400.

ಇಂಥ ಡಿಸ್ಕ್‌ಗಳು ಬಳಸುವ ಯುಎಸ್‌ಬಿ 3 ಸಂಪರ್ಕದಲ್ಲಿ ದತ್ತಾಂಶ ಹರಿಯುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡ್‌ನ ಮೇಲೆಯೇ ಬೀಳುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲಿಯೇ ಇದನ್ನು ಅಳೆದು ಪ್ರಕಟಿಸಿದೆ. ಗೆರೆಗಳು ಪೂರ್ತಿ ಕಾಣುವುದಕ್ಕೂ ಕಾರಣ ಇಲ್ಲೇ ಇದೆ: ಗೆರೆ ತೋರಿಸುವುದು ರೂಟರ್‌ನ ದನಿ ಎಷ್ಟು ಜೋರಾಗಿ ತಲುಪುತ್ತಿದೆ ಎಂಬುದನ್ನು ಮಾತ್ರ, ಪಕ್ಕದಲ್ಲಿ ಎಷ್ಟು ಗದ್ದಲವಿದೆ ಎಂಬುದನ್ನಲ್ಲ. ತಮಟೆಯ ಪಕ್ಕದಲ್ಲಿ ನಿಂತವನಿಗೆ ಎಷ್ಟು ಗಟ್ಟಿಯಾಗಿ ಕೂಗಿದರೂ ಮಾತು ಅರ್ಥವಾಗುವುದಿಲ್ಲ.

ಪರಿಹಾರ ಸುಲಭ. ಡಿಸ್ಕಿಗೆ ಚೆನ್ನಾಗಿ ಕವಚವಿರುವ, ಸ್ವಲ್ಪ ಉದ್ದನೆಯ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದ ದೂರವಿಡಿ. ಅದಕ್ಕಿಂತ ಮೇಲು, ವೈಫೈಯನ್ನೇ 5 ಗಿಗಾಹರ್ಟ್ಸ್‌ಗೆ ಕೊಂಡೊಯ್ಯಿರಿ. ಅಲ್ಲಿಗೆ ಈ ಗದ್ದಲ ಮುಟ್ಟುವುದಿಲ್ಲ. ಬ್ಲೂಟೂತ್ ಮತ್ತು ಮೈಕ್ರೊವೇವ್ ಒಲೆ ಕೂಡ 2.4ರಲ್ಲಿಯೇ ಇರುವುದರಿಂದ ಅವುಗಳ ಕಾಟವೂ ತಪ್ಪುತ್ತದೆ.

ಕೇಳಿದವರು

ಎಲ್ಲರಿಗೂ ಮನಸಾರೆ ಕೃತಜ್ಞತೆ. ಹೇಳಿದಂತೆ ಮೊದಲು ಬರೆದಿಟ್ಟುಕೊಂಡೆ: ಲಿಂಕ್ ಸ್ಪೀಡ್ 72, ಬ್ಯಾಂಡ್ 2.4, ಚಾನೆಲ್ 6. ಯಂತ್ರವನ್ನು ಯಾರೂ ಬಿಚ್ಚಿಲ್ಲ, ಚಾರ್ಜರ್ ಹಾಕಿದರೂ ತೆಗೆದರೂ ಒಂದೇ. ಡಿಸ್ಕ್ ಕಿತ್ತ ತಕ್ಷಣ ವೇಗ 6ರಿಂದ 38ಕ್ಕೆ ಏರಿತು! ಆದರೆ ಒಂದು ಸಂಗತಿ ಹೊಂದುತ್ತಿಲ್ಲ. ಡಿಸ್ಕ್ ಹಿಂದಿನ ವಾರದಿಂದಲೇ ಇತ್ತು. ತೊಂದರೆ ಶುರುವಾದದ್ದು ಸೋಮವಾರ. ಅದೇಕೆ?

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು

ನಿಮ್ಮ ಭಾನುವಾರದ ವಿದ್ಯುತ್ ಕಡಿತವೇ ಕಾರಣ ಎಂದು ನನ್ನ ಅಂದಾಜು. ಹಿಂದಿನ ವಾರ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿತ್ತು, ಡಿಸ್ಕಿನ ಗದ್ದಲ ಅದನ್ನು ತಟ್ಟಲಿಲ್ಲ. ವಿದ್ಯುತ್ ಬಂದಾಗ ರೂಟರ್‌ನ 2.4 ಬೇಗ ಎದ್ದಿರುತ್ತದೆ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ಹವಾಮಾನ ರೇಡಾರ್‌ಗಳೂ ಬಳಸುತ್ತವೆ. ಆ ಚಾನೆಲ್‌ನಲ್ಲಿ ಪ್ರಸಾರ ಆರಂಭಿಸುವ ಮೊದಲು ರೂಟರ್ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳಲೇಬೇಕೆಂಬ ನಿಯಮವಿದೆ. ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದ್ದರೆ, ಆ ಒಂದು ನಿಮಿಷದಲ್ಲಿ ಲ್ಯಾಪ್‌ಟಾಪ್ 2.4 ಹಿಡಿದು ಅಲ್ಲೇ ಕೂತುಬಿಡುತ್ತದೆ. ಸಿಗ್ನಲ್ ಚೆನ್ನಾಗಿರುವ ತನಕ ತಾನಾಗಿ ಕದಲುವುದು ಕಡಿಮೆ. ನಿಮ್ಮ ಮೊಬೈಲ್ ಹೊರಗೆ ಹೋಗಿ ಬಂದು ಹೊಸದಾಗಿ 5 ಹಿಡಿದಿರಬೇಕು. ನೀವು ರೂಟರ್ ಆರಿಸಿ ಹಾಕಿದಾಗಲೂ ಲ್ಯಾಪ್‌ಟಾಪ್‌ಗೆ ಅದೇ ಪುನರಾವರ್ತನೆಯಾಗಿದೆ.

ಈಗ ವೈಫೈ ಆರಿಸಿ ಹಾಕಿ, ಬ್ಯಾಂಡ್ ಬದಲಾಯಿತೇ ನೋಡಿ. ಮುಂದೆ ಹೀಗಾಗದಂತೆ ರೂಟರ್‌ನ 5 ಗಿಗಾಹರ್ಟ್ಸ್ ಚಾನೆಲನ್ನು 36, 40, 44, 48ರಲ್ಲಿ ಒಂದಕ್ಕೆ ನಿಲ್ಲಿಸಿ. ಅವುಗಳಿಗೆ ಕಾಯುವ ನಿಯಮವಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಅಡ್ವಾನ್ಸ್‌ಡ್ ಪುಟದಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬ ಸಾಲು ಇದ್ದರೆ ಅಲ್ಲಿಯೂ 5 ಆರಿಸಿ.

ಕೇಳಿದವರು

ರೂಟರ್‌ನಲ್ಲಿ ಚಾನೆಲ್ 100 ಇತ್ತು. 36ಕ್ಕೆ ಬದಲಿಸಿ, ಬೇಕೆಂದೇ ರೂಟರ್‌ನ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಲ್ಯಾಪ್‌ಟಾಪ್ ನೇರವಾಗಿ 5 ಗಿಗಾಹರ್ಟ್ಸ್ ಹಿಡಿಯಿತು. ಲಿಂಕ್ ಸ್ಪೀಡ್ 866. ಡಿಸ್ಕ್ ಚುಚ್ಚಿಕೊಂಡೇ, ಬ್ಯಾಕಪ್ ನಡೆಯುತ್ತಿರುವಾಗಲೇ ಅಳೆದೆ: 91.