ಹೊಸ ಕ್ಲಚ್ ಸೆಟ್ ಹಾಕಿದ ಮೇಲೆ ರಿವರ್ಸ್ ಗರ್ರ್ ಅನ್ನುತ್ತಿದೆ: ಸ್ವಿಫ್ಟ್ ಡೀಸೆಲ್ 2013, ಬೆಳಗಾವಿ

ಚೋರ್ಲಾ_ವಿಡಿಐ:

ಎಲ್ಲರಿಗೂ ನಮಸ್ಕಾರ. ಗಾಡಿ 2013ರ ಸ್ವಿಫ್ಟ್ ವಿಡಿಐ, 1.3 ಡೀಸೆಲ್. ಕೊಲ್ಹಾಪುರದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ಆಮೇಲೆ ಕೆಎ 22ಕ್ಕೆ ಬದಲಾಯಿಸಿದೆ. ಚೋರ್ಲಾ ಘಾಟ್ ದಾರಿಯಲ್ಲಿ ಗೋವಾ ಕಡೆ ಓಡಾಟ ಜಾಸ್ತಿ.

ಹಳೇ ಕ್ಲಚ್ ಏರಿನಲ್ಲಿ ಜಾರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತಿತ್ತು, ಸ್ಪೀಡ್ ಏರುತ್ತಿರಲಿಲ್ಲ. ಕ್ಲಚ್ ಪ್ಲೇಟ್, ಅದನ್ನು ಇಂಜಿನ್ ಕಡೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಸಿದೆ. ಜಾರುವುದೇನೋ ನಿಂತಿತು. ಈಗ ಬೇರೆ ಕಾಟ ಶುರುವಾಗಿದೆ. ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಗರ್ರ್ ಅನ್ನುತ್ತದೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಕೂಡ ಬಿಗಿ. ಇಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತವೆ.

ಮಿಸ್ತ್ರಿ "ಹೊಸದು, ಸ್ವಲ್ಪ ಓಡಿಸ್ರಿ, ಸೆಟ್ ಆಗ್ತದ" ಅನ್ನುತ್ತಾರೆ. ಅಂಗಡಿಯವರು ಬಾಕ್ಸ್ ಮೇಲೆ ಸ್ವಿಫ್ಟ್ ಡೀಸೆಲ್ ಅಂತಲೇ ಬರೆದಿದೆ, ಇನ್ನೇನು ಬೇಕು ಅನ್ನುತ್ತಾರೆ. ಸೆಟ್ಟೇ ತಪ್ಪಾ? ಗೇರ್‌ಬಾಕ್ಸ್ ಇಳಿಸದೆ ತಿಳಿಯಲು ದಾರಿ ಇದೆಯಾ?

ಗೋಕಾಕ್_ಡಿಸೈರ್:

ಓಡಿಸಿ ಸರ್, ಹೊಸ ಕ್ಲಚ್ ಎಲ್ಲಾ ಹಾಗೇ. ನನ್ನ ಡಿಸೈರ್‌ನಲ್ಲೂ ಮೊದಲು ನಡುಗುತ್ತಿತ್ತು, ಆಮೇಲೆ ತಾನಾಗಿ ಸರಿಹೋಯಿತು.

ಉದ್ಯಮಬಾಗ್_ಲೇತ್:

ಗೋಕಾಕ್ ಅಣ್ಣಾ, ನಿಮಗೆ ಆಗಿದ್ದು ನಡುಕ. ಇವರಿಗೆ ಆಗಿರುವುದು ಬೇರೆ. ಪ್ಲೇಟಿನ ಹೊಸ ಲೈನಿಂಗ್ (ಉಜ್ಜುವ ಪದರ) ಫ್ಲೈವೀಲ್‌ಗೆ, ಅಂದರೆ ಇಂಜಿನ್ ತಿರುಗಿಸುವ ಭಾರದ ಚಕ್ರಕ್ಕೆ, ಹೊಂದಿಕೊಳ್ಳುವವರೆಗೆ ಸ್ವಲ್ಪ ನಡುಕ, ಸ್ವಲ್ಪ ವಾಸನೆ ಬಂದರೆ ಚಿಂತೆ ಇಲ್ಲ. ಆದರೆ ಪೆಡಲ್ ಒತ್ತಿದರೂ ಇಂಜಿನ್ನಿನಿಂದ ಬಿಡದ ಕ್ಲಚ್ ಓಡಿಸಿದಷ್ಟೂ ಗೇರಿನ ಹಲ್ಲು ತಿನ್ನುತ್ತದೆ. ಸುಮ್ನೆ ಕಾಯಬೇಡಿ.

ಚೋರ್ಲಾ ಸರ್, ಇಂಜಿನ್ ಆಫ್ ಇದ್ದಾಗ ಗೇರ್ ಸಲೀಸು ಅಂದಿರಲ್ಲ, ಅದರಿಂದ ಗೇರ್ ಲಿವರ್, ಲಿಂಕೇಜ್ ಸರಿ ಇವೆ ಅಂತಾಯಿತು. ಈಗ ಸಮ ನೆಲದಲ್ಲಿ ನಿಲ್ಲಿಸಿ, ಮುಂದೆ ಯಾರೂ ಇಲ್ಲದ ಕಡೆ. ಹ್ಯಾಂಡ್‌ಬ್ರೇಕ್ ಬಿಡಿ, ಪೆಡಲ್ ನೆಲದವರೆಗೆ ಒತ್ತಿ ಫಸ್ಟ್ ಹಾಕಿ, ಒತ್ತಿಕೊಂಡೇ ಸ್ವಲ್ಪ ರೇಸ್ ಕೊಡಿ. ಗಾಡಿ ಮುಂದೆ ತೆವಳಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇನ್ನೊಂದು: ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿ ನಾಲ್ಕೈದು ಸೆಕೆಂಡ್ ಕಾಯ್ದು ರಿವರ್ಸ್ ಹಾಕಿ. ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ರಿಂಗ್) ಇರುವುದಿಲ್ಲ, ಅದಕ್ಕೇ ಈ ದೋಷ ಮೊದಲು ಕೇಳಿಸುವುದು ಅಲ್ಲೇ. ಕಾಯ್ದ ಮೇಲೂ ಗರ್ರ್ ಅಂದರೆ ಪ್ಲೇಟ್ ಇನ್ನೂ ಇಂಜಿನ್ ಜೊತೆ ತಿರುಗುತ್ತಿದೆ.

ಅದಾದ ಮೇಲೆ ಒಬ್ಬರನ್ನು ಪೆಡಲ್ ಮೇಲೆ ಕೂರಿಸಿ ಗೇರ್‌ಬಾಕ್ಸ್ ಹೊರಗಿನ ರಿಲೀಸ್ ಲಿವರ್ ನೋಡಿ. ಅದು ಅರ್ಧಂಬರ್ಧ ಸರಿದರೆ ತೊಂದರೆ ಪೆಡಲ್ ಕಡೆ. ಚೆನ್ನಾಗಿ ಸರಿದೂ ಕ್ಲಚ್ ಬಿಡದಿದ್ದರೆ ತೊಂದರೆ ಒಳಗೆ. ಆಮೇಲೆ ಮಾತಾಡೋಣ. ಹಳೇ ಸೆಟ್, ಹೊಸ ಬಾಕ್ಸ್‌ಗಳು ಇವೆಯಾ?

ಚೋರ್ಲಾ_ವಿಡಿಐ:

ಮಾಡಿದೆ ಸರ್. ಗಾಡಿ ತೆವಳುತ್ತದೆ. ಲಿವರ್ ಚೆನ್ನಾಗಿ ಸರಿಯುತ್ತದೆ, ಮಿಸ್ತ್ರಿಯೇ ನಿಂತು ನೋಡಿದರು. ಹಳೇ ಸೆಟ್ ಗ್ಯಾರೇಜಿನಲ್ಲೇ ಇದೆ. ಒಂದು ವಿಷಯ ಈಗ ಕಣ್ಣಿಗೆ ಬಿತ್ತು: ಪ್ರೆಷರ್ ಪ್ಲೇಟ್ ಮತ್ತು ಬೇರಿಂಗ್ ಒಂದು ಕಂಪನಿಯದು, ಕ್ಲಚ್ ಪ್ಲೇಟ್ ಬೇರೆ ಕಂಪನಿಯದು. ಅಂಗಡಿಯಲ್ಲಿ ಪ್ಲೇಟ್ ಸ್ಟಾಕ್ ಇರಲಿಲ್ಲವಂತೆ, "ಇದೂ ಅದೇ ಇಂಜಿನ್ನಿಗೆ ಬರ್ತದ" ಅಂತ ಕೊಟ್ಟಿದ್ದಾರೆ.

ಉದ್ಯಮಬಾಗ್_ಲೇತ್:

ಹಾಗಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. "ಅದೇ ಇಂಜಿನ್" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೆಳಗಾವಿಯಲ್ಲಿ ಇದೇ ಮಾತಿಗೆ ಬಹಳ ಜನ ದುಡ್ಡು ಕಳೆಯುತ್ತಾರೆ.

ನಿಮ್ಮ ಇಂಜಿನ್ ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್. ಅದೇ ಇಂಜಿನ್ ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್‌ಗಳಲ್ಲಿದೆ. ಫಿಯೆಟ್ ಪುಂಟೊ, ಲೀನಿಯಾದಲ್ಲಿ ಇದೆ. ಟಾಟಾ ಅದನ್ನೇ ಕ್ವಾಡ್ರಾಜೆಟ್ ಅಂತ ಇಂಡಿಕಾ ವಿಸ್ಟಾದಲ್ಲಿ ಹಾಕಿತ್ತು. ಆದರೆ ಕ್ಲಚ್ ಪ್ಲೇಟ್ ಕೂರುವುದು ಇಂಜಿನ್ ಮೇಲಲ್ಲ, ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳ ಮೇಲೆ. ಮಾರುತಿ ಗೇರ್‌ಬಾಕ್ಸ್ ಬೇರೆ, ಟಾಟಾ-ಫಿಯೆಟ್ ಗೇರ್‌ಬಾಕ್ಸ್ ಬೇರೆ. ಇಂಜಿನ್ ಒಂದೇ ಆದ ಮಾತ್ರಕ್ಕೆ ಪ್ಲೇಟ್ ಒಂದೇ ಆಗುವುದಿಲ್ಲ. ಮಾರುತಿ ಒಳಗೇ ನೋಡಿದರೂ ಸ್ವಿಫ್ಟ್‌ನ ಶಕ್ತಿ 75 ಪಿಎಸ್, ಎಳೆತ (ಟಾರ್ಕ್) 190 ಎನ್‌ಎಂ. ಎರ್ಟಿಗಾ, ಸಿಯಾಜ್‌ನದು ಬೇರೆ ಟರ್ಬೊ, 90 ಪಿಎಸ್, 200 ಎನ್‌ಎಂ. ಟ್ಯೂನ್ ಬೇರೆ ಇದ್ದಲ್ಲಿ ಕ್ಲಚ್ ಒಂದೇ ಅಂತ ಊಹಿಸಬೇಡಿ, ಪಾರ್ಟ್ ನಂಬರ್ ನೋಡಿ.

ಎರಡು ಕಂಪನಿಯ ಮಾಲು ಯಾಕೆ ಬೇಡ ಅಂದರೆ, ಸೆಟ್ಟಿನ ಮೂರು ಭಾಗಗಳ ಅಳತೆ ಒಂದಕ್ಕೊಂದು ಕಟ್ಟಿದ್ದು. ಪ್ಲೇಟ್ ದಪ್ಪ ಬದಲಾದರೆ ಪ್ರೆಷರ್ ಪ್ಲೇಟಿನ ಫಿಂಗರ್‌ಗಳು (ಬೇರಿಂಗ್ ಒತ್ತುವ ಸ್ಪ್ರಿಂಗ್ ಎಸಳುಗಳು) ನಿಲ್ಲುವ ಎತ್ತರ ಬದಲಾಗುತ್ತದೆ. ಫಿಂಗರ್ ಎತ್ತರ ಬದಲಾದರೆ ಬೇರಿಂಗ್ ಒತ್ತಲು ಶುರು ಮಾಡುವ ಜಾಗ ಬದಲಾಗುತ್ತದೆ. ಪೆಡಲ್ ಅಷ್ಟೇ ಒತ್ತಿದರೂ ಒಳಗೆ ಬಿಡುವ ಅಂತರ ಸಾಲುವುದಿಲ್ಲ.

ನನಗೆ ಇನ್ನೊಂದರ ಮೇಲೆ ಅನುಮಾನ ಜಾಸ್ತಿ. ಪ್ಲೇಟಿನ ಹೊರ ಅಳತೆ, ಹಲ್ಲು ಎಲ್ಲ ಸರಿ ಇದ್ದು, ಶಾಫ್ಟ್ ಮೇಲೆ ಕೂರುವ ನಡುವಿನ ಭಾಗ (ಹಬ್) ಕೆಲವು ಸಲ ಫ್ಲೈವೀಲ್ ಕಡೆ ಜಾಸ್ತಿ ಚಾಚಿರುತ್ತದೆ. ಆಗ ಹಬ್ ಫ್ಲೈವೀಲ್ ಬೋಲ್ಟ್‌ಗಳ ತಲೆಗೆ ಉಜ್ಜುತ್ತದೆ. ಪೆಡಲ್ ಎಷ್ಟು ಒತ್ತಿದರೂ ಪ್ಲೇಟ್ ತಿರುಗುತ್ತಲೇ ಇರುತ್ತದೆ. ಪ್ಲೇಟ್ ಉಲ್ಟಾ ಹಾಕಿದರೂ ಇದೇ ಗುರುತು ಬೀಳುತ್ತದೆ. ಅದಕ್ಕೆ ಇಳಿಸಿದ ತಕ್ಷಣ ಒರೆಸಲು ಬಿಡಬೇಡಿ. ಮೊದಲು ಬೋಲ್ಟ್ ತಲೆ ನೋಡಿ, ಫೋಟೊ ತೆಗೆಯಿರಿ. ಹೊಳೆಯುವ ಗೆರೆ ಇದ್ದರೆ ಉತ್ತರ ಅಲ್ಲೇ ಇದೆ.

ಜಮಖಂಡಿ_ಬೊಲೆರೊ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ನನ್ನ ಬೊಲೆರೊಗೂ ಕ್ಲಚ್ ಹಾಕಿಸಬೇಕು. "ಬೊಲೆರೊ ಕ್ಲಚ್ ಸೆಟ್" ಅಂತ ಕೇಳಿದರೆ ಸಾಕಲ್ವಾ?

ಉದ್ಯಮಬಾಗ್_ಲೇತ್:

ಸಾಲದು ರೀ. ಹಳೇ 2523 ಸಿಸಿ ಇಂಜಿನ್ನಿನ ಬೊಲೆರೊ ಇದೆ. 2016ರಲ್ಲಿ ಬಂದ ಪವರ್ ಪ್ಲಸ್‌ನಲ್ಲಿ 1493 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಇದೆ. ಬಾಡಿ ನೋಡಿದರೆ ಅಣ್ಣತಮ್ಮ, ಒಳಗೆ ಸಂಬಂಧ ಇಲ್ಲ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್ ಕೊಟ್ಟು ಕಂಪನಿ ಪಾರ್ಟ್ಸ್ ಕೌಂಟರ್‌ನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಮಾಲು ಅಲ್ಲೇ ಕೊಳ್ಳಬೇಕೆಂದಿಲ್ಲ. ಆ ನಂಬರ್ ಹಿಡಿದು ಹೊರಗೆ ವ್ಯಾಲಿಯೊ, ಲುಕ್, ಎಕ್ಸೆಡಿ ಯಾವುದು ಬೇಕೋ ಅದರ ಕ್ಯಾಟಲಾಗ್‌ನಲ್ಲಿ ಸಮನಾದ ಸೆಟ್ ಹುಡುಕಿಸಿ.

ಮಾರುತಿಯವರಿಗೂ ಇದೇ ದಾರಿ. ಅವರ ನಂಬರ್‌ನಲ್ಲಿ ಮೊದಲ ಐದು ಅಂಕಿ ಭಾಗ ಯಾವುದು ಅಂತ ಹೇಳುತ್ತದೆ: 22400 ಅಂದರೆ ಕ್ಲಚ್ ಪ್ಲೇಟ್, 22100 ಅಂದರೆ ಪ್ರೆಷರ್ ಪ್ಲೇಟ್, 23265 ಅಂದರೆ ರಿಲೀಸ್ ಬೇರಿಂಗ್. ಯಾವ ಗಾಡಿಯದು ಅಂತ ತಿಳಿಯುವುದು ಅದರ ಮುಂದಿನ ಅಂಕಿ-ಅಕ್ಷರಗಳಿಂದ. ಕೌಂಟರ್‌ನಲ್ಲಿ ಮೊದಲ ಅರ್ಧ ನೋಡಿ "ಅದೇ ನಂಬರ್" ಅಂದರೆ ನಂಬಬೇಡಿ.

ವಿಜಯಪುರ_ಟಿಡಿಐ:

ನನ್ನದು ವೆಂಟೊ 1.6 ಟಿಡಿಐ, ಡ್ಯುಯಲ್ ಮಾಸ್ (ಎರಡು ಭಾಗದ) ಫ್ಲೈವೀಲ್. ಅದನ್ನು ತೆಗೆದು ಸಾದಾ ಫ್ಲೈವೀಲ್ ಹಾಕಿ, ಪ್ಲೇಟ್ ಮಾತ್ರ ಹಳೇ ನಂಬರಿನದೇ ಹಾಕಿ ಅಂತ ಒಬ್ಬರು ಹೇಳುತ್ತಿದ್ದಾರೆ. ಖರ್ಚು ಉಳಿಯುತ್ತದಂತೆ.

ಉದ್ಯಮಬಾಗ್_ಲೇತ್:

ಬೇಡ. ಡ್ಯುಯಲ್ ಮಾಸ್‌ನಲ್ಲಿ ಇಂಜಿನ್ನಿನ ಅದುರು ನುಂಗುವ ಸ್ಪ್ರಿಂಗ್ ಫ್ಲೈವೀಲ್ ಒಳಗಿರುತ್ತದೆ. ಅದಕ್ಕೆ ಪ್ಲೇಟಿನಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಸಾದಾ ಫ್ಲೈವೀಲ್‌ಗೆ ಅಂಥ ಪ್ಲೇಟ್ ಹಾಕಿದರೆ ಅದುರೆಲ್ಲ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಬದಲಾಯಿಸಲೇಬೇಕಾದರೆ ಫ್ಲೈವೀಲ್ ಮತ್ತು ಸ್ಪ್ರಿಂಗ್ ಪ್ಲೇಟ್ ಜೊತೆಗೇ ಬರುವ ಪೂರ್ತಿ ಕನ್ವರ್ಷನ್ ಸೆಟ್ ಬೇಕು. ಡ್ಯುಯಲ್ ಮಾಸ್ ಫ್ಲೈವೀಲನ್ನು ಲೇತಿಗೆ ತಂದು ಫೇಸಿಂಗ್ ಹೊಡೆಯಿರಿ (ಮುಖ ತೆಗೆದು ಸಮ ಮಾಡಿ) ಅನ್ನುವವರೂ ಇದ್ದಾರೆ. ನಾನಂತೂ ಮಾಡುವುದಿಲ್ಲ.

ಚೋರ್ಲಾ_ವಿಡಿಐ:

ಗೇರ್‌ಬಾಕ್ಸ್ ಇಳಿಸಿದರು. ನೀವು ಹೇಳಿದ ಹಾಗೆ ಮೊದಲು ಬೋಲ್ಟ್ ನೋಡಿದೆವು. ತಲೆಗಳ ಮೇಲೆ ಬೆಳ್ಳಗೆ ಹೊಳೆಯುವ ಗೀರು, ಹಬ್ ಮೇಲೂ ಅದಕ್ಕೆ ಸರಿಯಾಗಿ ಒಂದು ಸುತ್ತು. ಪ್ಲೇಟ್ ಉಲ್ಟಾ ಹಾಕಿರಲಿಲ್ಲ, "ಫ್ಲೈವೀಲ್ ಸೈಡ್" ಅನ್ನುವ ಗುರುತು ಸರಿಯಾದ ಕಡೆಗೇ ಇತ್ತು. ಹಳೇದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹೊರ ಅಳತೆ ಒಂದೇ, ಹಲ್ಲಿನ ಲೆಕ್ಕವೂ ಒಂದೇ. ಹಬ್ ಮಾತ್ರ ಹೊಸದರಲ್ಲಿ ಫ್ಲೈವೀಲ್ ಕಡೆ ಉಬ್ಬಿದೆ. ಸ್ಕೇಲ್ ಅಡ್ಡ ಇಟ್ಟರೆ ಕಣ್ಣಿಗೇ ಕಾಣುತ್ತದೆ. ಮಿಸ್ತ್ರಿ ಮೊದಲು ಒಪ್ಪಲಿಲ್ಲ, ಸ್ಕೇಲ್ ಇಟ್ಟ ಮೇಲೆ ಸುಮ್ಮನಾದರು.

ಹಾಕಿ ತೆಗೆದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಅಂಗಡಿಯವರು ಹೇಳಿದರು. ಬಿಲ್ ಕೂಡ ಕೈಬರಹದ ಚೀಟಿ. ಪ್ಲೇಟ್ ಮಾತ್ರ ಬದಲಾಯಿಸಲೋ, ಪೂರ್ತಿ ಸೆಟ್ ತರಲೋ? ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ ಇವೆ.

ಉದ್ಯಮಬಾಗ್_ಲೇತ್:

ಪ್ರೆಷರ್ ಪ್ಲೇಟ್, ಬೇರಿಂಗ್ ಹೊಸದೇ ಇವೆ. ಅದೇ ಕಂಪನಿಯ, ಅದೇ ಸೆಟ್ ನಂಬರಿಗೆ ಸೇರಿದ ಪ್ಲೇಟ್ ಬಿಡಿಯಾಗಿ ಸಿಕ್ಕರೆ ಅದೊಂದೇ ಸಾಕು. ಸಿಗದಿದ್ದರೆ ಪೂರ್ತಿ ಸೆಟ್ ತನ್ನಿ. ಮತ್ತೆ ಮೂರನೇ ಕಂಪನಿಯ ಪ್ಲೇಟ್ ತಂದು ಪ್ರಯೋಗ ಬೇಡ. ಗೇರ್‌ಬಾಕ್ಸ್ ಇಳಿಸುವ ಕೂಲಿ ನಿಮ್ಮ ಜೇಬಿನದೇ ಅಲ್ವಾ.

ಈ ಸಲ ಅಂಗಡಿಗೆ ಹಳೇ ಪ್ಲೇಟ್ ಕೈಯಲ್ಲಿ ಹಿಡಿದು ಹೋಗಿ, ಜೊತೆಗೆ ವರ್ನಿಯರ್ ಇರಲಿ. ಹೊರ ಅಳತೆ, ಹಲ್ಲು, ಹಬ್ ಎರಡೂ ಕಡೆ ಎಷ್ಟು ಚಾಚಿದೆ, ಇಷ್ಟು ಕೌಂಟರ್ ಮೇಲೇ ಹೋಲಿಸಿ. ಲೈನಿಂಗ್ ದಪ್ಪ ಹಳೇದರಲ್ಲಿ ಸವೆದಿರುತ್ತದೆ, ಅದನ್ನು ಹೋಲಿಸಬೇಡಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನವರು ಗೇರ್‌ಬಾಕ್ಸ್ ಬದಲಾಯಿಸಿರಬಹುದು. ಅದಕ್ಕೆ ಮನೆಗೆ ತಂದ ಮೇಲೆ ಪ್ಲೇಟನ್ನು ಶಾಫ್ಟ್ ಮೇಲೆ ಕೈಯಲ್ಲೇ ಜಾರಿಸಿ ನೋಡಿ. ಅಂಟದೆ, ಸಡಿಲವೂ ಆಗದೆ ಓಡಾಡಬೇಕು. ಆಮೇಲೆ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿದು ಕೈಯಲ್ಲಿ ತಿರುಗಿಸಿ. ಬೋಲ್ಟಿಗೆ ತಾಗಿದರೆ ಅಲ್ಲೇ ನಿಲ್ಲಿಸಿ. ಇದಕ್ಕೆ ಎರಡು ನಿಮಿಷ ಸಾಕು. ಹೊಸ ಪ್ಲೇಟ್ ತಿರುಗುವಾಗ ಅಂಚು ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಓಲಾಡಬಾರದು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟ್ ಮೇಲೆ ನೇತಾಡಿದರೆ ಹೊಸದೂ ಬಾಗುತ್ತದೆ, ಕೆಳಗೆ ಜ್ಯಾಕ್ ಇರಲಿ.

ನೀಲಿ ಕಲೆ ಕಾವಿನದು. ನಿಮ್ಮದು ಸಾದಾ ಫ್ಲೈವೀಲ್ ಆದರೆ ಹಗುರ ಫೇಸಿಂಗ್ ಸಾಕು. ಪ್ರೆಷರ್ ಪ್ಲೇಟ್ ಕೂರುವ ಅಂಚು ಮತ್ತು ಉಜ್ಜುವ ಮುಖ ಬೇರೆ ಬೇರೆ ಮಟ್ಟದಲ್ಲಿದ್ದರೆ ಎರಡನ್ನೂ ಒಂದೇ ಲೆಕ್ಕದಲ್ಲಿ ತೆಗೆಯಬೇಕು. ಉಜ್ಜುವ ಮುಖ ಮಾತ್ರ ತೆಗೆದರೆ ಹಿಡಿತ ಕಮ್ಮಿಯಾಗಿ ಮತ್ತೆ ಘಾಟಿನಲ್ಲಿ ಜಾರುತ್ತದೆ. ಇದನ್ನು ಟರ್ನರ್‌ಗೆ ಬಾಯಿಬಿಟ್ಟು ಹೇಳಿ. ಹಾಗೇ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ನೋಡಿ. ಎಣ್ಣೆ ಜಿನುಗಿದ್ದರೆ ಈಗಲೇ ಬದಲಾಯಿಸಿ.

ಬಿಲ್ ಜಿಎಸ್‌ಟಿಯದೇ ಕೇಳಿ, ಪಾರ್ಟ್ ನಂಬರ್ ಅದರಲ್ಲಿ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಚೀಟಿಯಲ್ಲಿ ಉಳಿಸುವುದು ಮೊದಲಿಗಿಂತಲೂ ಕಮ್ಮಿ. ಚೀಟಿ ತೋರಿಸಿದರೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.

ಚೋರ್ಲಾ_ವಿಡಿಐ:

ಅದೇ ಕಂಪನಿಯ ಪ್ಲೇಟ್ ಹುಬ್ಬಳ್ಳಿಯಿಂದ ತರಿಸಿದೆ, ಬಿಲ್ ಸಮೇತ. ಹಬ್ ಅಳತೆ ಹಳೇ ಪ್ಲೇಟಿನದಕ್ಕೆ ಸರಿಹೊಂದಿತು. ಫ್ಲೈವೀಲ್ ಉದ್ಯಮಬಾಗ್‌ನಲ್ಲೇ ಫೇಸಿಂಗ್ ಆಯಿತು. ನಿನ್ನೆ ಏರಿಸಿದರು. ರಿವರ್ಸ್ ಒಂದೇ ಸಲಕ್ಕೆ ಬೀಳುತ್ತಿದೆ, ಗಾಡಿ ತೆವಳುತ್ತಿಲ್ಲ. ತಣ್ಣಗಿದ್ದಾಗ ಫಸ್ಟ್‌ನಲ್ಲಿ ಸ್ವಲ್ಪ ನಡುಕ ಇದೆ. ಶನಿವಾರ ನಾಲ್ಕು ಜನ ಸಾಮಾನು ಸಮೇತ ಗೋವಾಕ್ಕೆ ಹೋಗಬಹುದಾ?

ಉದ್ಯಮಬಾಗ್_ಲೇತ್:

ಆ ನಡುಕ ಗೋಕಾಕ್ ಅಣ್ಣ ಹೇಳಿದ್ದೇ, ಹೋಗುತ್ತದೆ. ಆದರೆ ಶನಿವಾರ ಬೇಡ. ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೆ, ಹೈವೇಯಲ್ಲಿ ಖಾಲಿ ಗಾಡಿ ಓಡಿಸಿ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸಬೇಡಿ. ಆಮೇಲೆ ಮೊದಲು ವಂಟಮುರಿ ಘಾಟ್ ಏರಿಸಿ ನೋಡಿ, ಅದು ಸರಿ ಅನ್ನಿಸಿದರೆ ಚೋರ್ಲಾ. ಜಮಖಂಡಿ ಸರ್, ನೀವು ಚಾಸಿಸ್ ನಂಬರ್ ಇಲ್ಲಿ ಹಾಕಬೇಡಿ, ಹಳೇ ಪ್ಲೇಟಿನ ಎರಡೂ ಬದಿಯ ಫೋಟೊ ಹಾಕಿ.