ಏರ್ ಇನ್‌ಟೇಕ್ ಹೋಸ್ ಸೀಳಿದೆ: ಟೇಪ್ ಸುತ್ತಿದರೆ ಸಾಕೇ?

ಪ್ರಶ್ನೆ
ನನ್ನ ಪೆಟ್ರೋಲ್ ಕಾರಿನ ಎಂಜಿನ್ ಒಂದು ವಾರದಿಂದ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಿರುವಾಗ) ನಡುಗುತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಮುಂದಕ್ಕೆ ಹೋಗುತ್ತದೆ. ಚೆಕ್ ಎಂಜಿನ್ ದೀಪ ಹತ್ತಿಕೊಂಡಿದ್ದು, ಸ್ಕ್ಯಾನರ್ ಪಿ0171 ಎಂಬ ಕೋಡ್ ತೋರಿಸುತ್ತಿದೆ. ಬಾನೆಟ್ ತೆರೆದು ನೋಡಿದಾಗ, ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಹೋಗುವ ರಬ್ಬರ್ ಹೋಸ್‌ನ ಅಡಿಭಾಗದ ಮಡಿಕೆಯಲ್ಲಿ ಬೆರಳ ತುದಿ ತೂರುವಷ್ಟು ಸೀಳು ಕಂಡಿತು. ಟೇಪ್ ಸುತ್ತಿ ಓಡಿಸಬಹುದೇ ಅಥವಾ ಹೋಸನ್ನೇ ಬದಲಿಸಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಬದಲಿಸಲೇಬೇಕು. ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಸಾಮಾನ್ಯವಾಗಿ ಫಿಲ್ಟರ್ ಡಬ್ಬಿಯ ಬಾಯಲ್ಲೇ ಇರುತ್ತದೆ. ಸೀಳು ಅದರಿಂದ ಆಚೆಗಿದ್ದರೆ, ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗದೆ, ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇರಬೇಕಾದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಪಿ0171 ಹೇಳುವುದೂ ಅದನ್ನೇ. ನನಗೆ ಇದಕ್ಕಿಂತ ದೊಡ್ಡ ಚಿಂತೆ ದೂಳಿನದು. ಫಿಲ್ಟರ್ ಸೋಸದ ದೂಳು ನೇರವಾಗಿ ಒಳಹೋಗಿ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸುತ್ತದೆ, ಆ ಸವೆತ ಮತ್ತೆ ಸರಿಹೋಗುವಂಥದ್ದಲ್ಲ. ಹೊಸ ಹೋಸ್ ಸಿಗುವವರೆಗೆ ಮಾತ್ರ, ಹಳೆಯದನ್ನು ಕಳಚಿ, ಎಣ್ಣೆಯ ಜಿಡ್ಡು ತೆಗೆದು, ಚೆನ್ನಾಗಿ ಒಣಗಿಸಿ, ತನಗೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪನ್ನು ಬಿಗಿಯಾಗಿ ಎಳೆದು ಸುತ್ತಬಹುದು. ಜಿಡ್ಡಿನ ಮೇಲೆ ಅಂಟಿಸಿದ ಸಾಧಾರಣ ಟೇಪ್ ಎಂಜಿನ್ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಉತ್ತರ 2
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಗಾಳಿಯ ಹರಿವನ್ನು ಅಳೆಯದೆ ಮ್ಯಾನಿಫೋಲ್ಡ್‌ನ (ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡವನ್ನಷ್ಟೇ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರುಗಳಲ್ಲಿ, ಥ್ರಾಟಲ್‌ಗಿಂತ ಮೊದಲಿನ ಸೀಳು ದೂಳನ್ನು ಒಳಬಿಡುತ್ತದೆಯೇ ಹೊರತು ಮಿಶ್ರಣವನ್ನು ಕೆಡಿಸುವುದಿಲ್ಲ. ನಿಮ್ಮದು ಅಂಥ ಕಾರಾಗಿದ್ದರೆ ಹೋಸ್ ಬದಲಿಸಿದರೂ ಕೋಡ್ ಉಳಿಯುತ್ತದೆ. ಥ್ರಾಟಲ್‌ನಿಂದ ಆಚೆಗಿನ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ಗ್ಯಾಸ್ಕೆಟ್‌ಗಳನ್ನೂ ನೋಡಬೇಕಾಗುತ್ತದೆ. ಆದ್ದರಿಂದ ಮೊದಲು ಯಾವ ಸೆನ್ಸರ್ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸೋರಿಕೆ ಹುಡುಕಲು ಹೊಗೆ ಪರೀಕ್ಷೆ ಮಾಡಿಸಿ. ಬಿಸಿ ಎಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆದು ನೋಡುವ ಅಭ್ಯಾಸ ಬಹಳ ಅಪಾಯಕಾರಿ.

ಉತ್ತರ 3
ಹೋಸ್ ಏಕೆ ಸೀಳಿತು ಎಂಬುದನ್ನೂ ನೋಡಿ. ನನ್ನ ಕಾರಿನಲ್ಲಿ ಹೊಸ ಹೋಸ್ ಹಾಕಿಸಿದ ಕೆಲವೇ ತಿಂಗಳಿಗೆ ಅದೇ ಮಡಿಕೆ ಮತ್ತೆ ಹರಿಯಿತು. ಬ್ರೇಕ್ ಒತ್ತಿ ಹಿಡಿದು ಗೇರ್ ಹಾಕಿಸಿ ನೋಡಿದಾಗ ಎಂಜಿನ್ ಇಡಿಯಾಗಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಎಂಜಿನ್ ಮೌಂಟ್‌ನ ರಬ್ಬರ್ ಕಿತ್ತುಹೋಗಿತ್ತು, ಹಾಗಾಗಿ ಎಂಜಿನ್ ವಾಲಿದಾಗಲೆಲ್ಲ ಹೋಸನ್ನು ಎಳೆಯುತ್ತಿತ್ತು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ನನ್ನ ಕಾರಿನಲ್ಲಿರುವುದು ಮಾಸ್ ಏರ್ ಫ್ಲೋ ಸೆನ್ಸರ್. ಹೋಸ್ ಬದಲಿಸಿ ಕೋಡ್ ಅಳಿಸಿದ ಮೇಲೆ ನಡುಕ ನಿಂತಿದೆ. ಹಳೆಯ ಹೋಸ್‌ನ ಒಳಗೆ ಬೆರಳಾಡಿಸಿದಾಗ, ಸೀಳಿನಿಂದ ಥ್ರಾಟಲ್ ಕಡೆಗೆ ಮಾತ್ರ ನುಣ್ಣನೆಯ ಕಂದು ದೂಳು ಮೆತ್ತಿಕೊಂಡಿತು. ನಾಳೆ ಮೌಂಟ್ ಪರೀಕ್ಷೆ ಮಾಡಿಸುತ್ತೇನೆ.