ಜೋಡಿ ನಳಿಗೆ ಕೋವಿ: ಕೋಲ್ಡ್ ಬ್ಲೂ ಹಚ್ಚಿದ ಮೇಲೆ ತಾಮ್ರದ ಬಣ್ಣದ ಮಚ್ಚೆ, ಮುಂದೇನು?

ತೋಟದ ಮನೆ, ವಿರಾಜಪೇಟೆ

ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿಯೊಂದು ನಮ್ಮಲ್ಲಿದೆ. ನಳಿಗೆಗಳ ಬುಡದಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಮುದ್ರೆಗಳು (ನಳಿಗೆಯನ್ನು ಪರೀಕ್ಷಿಸಿ ಒತ್ತಿದ ಗುರುತುಗಳು) ಇಂದಿಗೂ ಓದುವಂತಿವೆ. ಎಡಗೈ ಹಿಡಿಯುವ ಜಾಗದಲ್ಲಿ ನೀಲಿಗಪ್ಪು ಬಣ್ಣ ಸವೆದುಹೋಗಿತ್ತು. ಸಾಲದ್ದಕ್ಕೆ, ಆಯುಧಗಳನ್ನು ಪೂಜಿಸುವ ಕಳೆದ ಕೈಲ್‌ಪೊಳ್ದ್ ಹಬ್ಬದಲ್ಲಿ ನಳಿಗೆಗೆ ಇಟ್ಟ ಗಂಧದ ಬೊಟ್ಟನ್ನು ಒರೆಸಲು ಮರೆತದ್ದರಿಂದ, ಬೊಟ್ಟು ಇದ್ದಷ್ಟೇ ಅಗಲಕ್ಕೆ ದುಂಡಾಗಿ ತುಕ್ಕು ಕಚ್ಚಿತ್ತು. ಆ ಭಾಗವನ್ನು ಎಮೆರಿ ಪೇಪರಿನಿಂದ ಉಜ್ಜಿದೆ. ಟ್ರಿಗರ್ ಗಾರ್ಡನ್ನು (ಟ್ರಿಗರಿನ ಸುತ್ತಲಿನ ಲೋಹದ ಬಳೆ) ಬಿಚ್ಚಿ, ಗ್ರೈಂಡರಿನ ಬಟ್ಟೆ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿದೆ. ಬಳಿಕ ಎರಡಕ್ಕೂ ಬಾಟಲಿಯ ಕೋಲ್ಡ್ ಬ್ಲೂ, ಅಂದರೆ ಬಿಸಿ ಮಾಡದೆಯೇ ಉಕ್ಕನ್ನು ಕಪ್ಪಾಗಿಸುವ ದ್ರಾವಣ, ಹಚ್ಚಿದೆ. ಮೊದಲ ದಿನ ಅಚ್ಚ ಕಪ್ಪಾಗಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಕೆಲವೆಡೆ ತಾಮ್ರದ ಛಾಯೆ, ಕೆಲವೆಡೆ ಬೂದು ಬಣ್ಣ ಕಾಣಿಸಿಕೊಂಡು, ಬೊಟ್ಟಿನ ಜಾಗದಲ್ಲಿ ತುಕ್ಕು ಮರಳಿ ಬಂದಿದೆ. ಇನ್ನೊಂದು ಸಲ ಹಚ್ಚಲೇ, ಅಥವಾ ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿ ಬ್ಲೂ ಮಾಡಿಕೊಡುವವರಿಗೆ ಒಪ್ಪಿಸಲೇ?

ಹಳೆ ಕಸುಬು

ತೊಟ್ಟಿಗೆ ಮಾತ್ರ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಜೋಡಿ ನಳಿಗೆಗಳನ್ನೂ ಅವುಗಳ ನಡುವಿನ ಪಟ್ಟಿಯನ್ನೂ ಸಾಮಾನ್ಯವಾಗಿ ಸೀಸ ಮತ್ತು ತವರದ ಬೆಸುಗೆ ಹಿಡಿದಿರುತ್ತದೆ. ಬಿಸಿ ಬ್ಲೂಯಿಂಗಿನ ತೊಟ್ಟಿ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ, ಬೆಸುಗೆ ಕರಗಲು 183 ಡಿಗ್ರಿಯಾದರೂ ಬೇಕು, ಆದ್ದರಿಂದ ಭಯವಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಬೆಸುಗೆಯನ್ನು ಕೆಡಿಸುವುದು ಶಾಖವಲ್ಲ, ಕಾಸ್ಟಿಕ್ ಸೋಡಾ. ಅದು ತವರವನ್ನೂ ಸೀಸವನ್ನೂ ತಿನ್ನುತ್ತದೆ; ಅಲ್ಲದೆ ಪಟ್ಟಿಯ ಒಳಗಿನ ಟೊಳ್ಳಿಗೆ ಇಳಿದ ತೊಟ್ಟಿಯ ಉಪ್ಪು ತೊಳೆದರೂ ಹೋಗದೆ ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ. ನನ್ನದೇ ಒಂದು ಕೋವಿಯನ್ನು ಹೀಗೆ ಒಬ್ಬರಿಗೆ ಕೊಟ್ಟಿದ್ದೆ. ಬಣ್ಣವೇನೋ ಸೊಗಸಾಗಿ ಬಂತು, ಆದರೆ ಮರುವರ್ಷ ನಳಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ಮೊಳಗುವ ಬದಲು ಒಡಕು ಮಡಕೆಯಂತೆ ಸದ್ದು ಮಾಡಿತು. ಪಟ್ಟಿ ಬಿಟ್ಟುಕೊಂಡಿತ್ತು.

ನಿಮ್ಮ ಮಚ್ಚೆಗಳ ವಿಚಾರಕ್ಕೆ ಬಂದರೆ, ನಿಜವಾದ ಬ್ಲೂಯಿಂಗ್ ಎಂದರೆ ಉಕ್ಕಿನದೇ ಕಪ್ಪು ಆಕ್ಸೈಡ್, ಅಂದರೆ ಮ್ಯಾಗ್ನೆಟೈಟ್. ಕೋಲ್ಡ್ ಬ್ಲೂ ಹಾಗಲ್ಲ. ಸೆಲೆನಿಯಮ್ ಮತ್ತು ತಾಮ್ರದ ಸಂಯುಕ್ತ ಉಕ್ಕಿನ ಮೇಲೆ ತೆಳುವಾಗಿ ಕೂರುತ್ತದೆ, ಅಷ್ಟೆ. ಎಣ್ಣೆಯ ಪಸೆ ಉಳಿದಲ್ಲಿ ಅದು ಹಿಡಿಯುವುದಿಲ್ಲ, ಕೈ ತಾಗಿದಲ್ಲಿ ಸವೆಯುತ್ತದೆ, ಸವೆದಾಗ ತಾಮ್ರದ ಛಾಯೆ ಮೇಲೆ ಕಾಣುತ್ತದೆ. ತಿರುಪಿನ ತಲೆಗೋ ಉಗುರಗಲದ ಗೀರಿಗೋ ಅದು ಸರಿ, ಗೇಣುದ್ದದ ಜಾಗಕ್ಕಲ್ಲ. ಮತ್ತೆ ಹಚ್ಚಿದರೆ ಮಚ್ಚೆಯ ಮೇಲೆ ಮಚ್ಚೆಯಾಗುತ್ತದೆ.

ಬಟ್ಟೆ ಚಕ್ರದ ಬಗ್ಗೆ ಒಂದು ಮಾತು, ಬೇಸರಿಸಬೇಡಿ. ತಿರುಪಿನ ರಂಧ್ರದ ಅಂಚು ಬಟ್ಟಲಿನಂತೆ ತಗ್ಗಾಗಿ, ಕೆತ್ತನೆಯ ಅಂಚು ಮೊಂಡಾಗಿರಬೇಕು, ನೋಡಿ. ಹೊಳಪು ಕೊಡುವುದೆಂದರೆ ಮರದ ಚಿಕ್ಕ ತುಂಡಿಗೆ ಎಮೆರಿ ಸುತ್ತಿ, 240ರ ನಂಬರಿನಿಂದ (ನಂಬರ್ ಹೆಚ್ಚಿದಷ್ಟೂ ನಯ) 320ರವರೆಗೆ, ಬೇಕಿದ್ದರೆ 400ರವರೆಗೆ, ಉದ್ದುದ್ದಕ್ಕೆ ಕೈಯಿಂದಲೇ ಎಳೆಯುವುದು.

ತೋಟದ ಮನೆ

ತಾವು ಹೇಳಿದಂತೆಯೇ ಎರಡು ರಂಧ್ರಗಳ ಅಂಚು ತಗ್ಗಾಗಿದೆ. ಹಾಗಾದರೆ ದಾರಿ ಯಾವುದು?

ಹಳೆ ಕಸುಬು

ತುಕ್ಕು ಬ್ಲೂಯಿಂಗ್, ಅಂದರೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಅದನ್ನು ಕುದಿಸಿ ಕಪ್ಪಾಗಿಸುವುದು. ಹಳೆಯ ಇಂಗ್ಲಿಷ್ ಜೋಡಿ ನಳಿಗೆಗಳಿಗೆ ಮೊದಲು ಮಾಡಿದ್ದೂ ಅದನ್ನೇ. ಟ್ರಿಗರ್ ಗಾರ್ಡಿನ ಮೇಲೆ ನೀವೇ ಕೈ ಪಳಗಿಸಿಕೊಳ್ಳಬಹುದು. ಕೋಲ್ಡ್ ಬ್ಲೂ ಪದರವನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ತೊಳೆದು, ಅಸಿಟೋನ್ ಹಚ್ಚಿ, ಅಲ್ಲಿಂದ ಮುಂದೆ ಕೈಗವಸಿಲ್ಲದೆ ಮುಟ್ಟಬೇಡಿ. ಕನ್ನಡಿ ಹೊಳಪನ್ನು 320ರ ಎಮೆರಿಯಿಂದ ಮುರಿಯಿರಿ, ಏಕೆಂದರೆ ಅತಿ ನುಣುಪಾದ ಮೈಗೆ ತುಕ್ಕು ಸಮವಾಗಿ ಕಚ್ಚುವುದಿಲ್ಲ. ತುಕ್ಕು ಬರಿಸುವ ದ್ರಾವಣವನ್ನು ಹಿಂಡಿದ ಹತ್ತಿಯಿಂದ, ಮೈ ಬೆವರಿದಂತೆ ಕಾಣುವಷ್ಟು ಮಾತ್ರ ಸವರಿ ತೂಗುಹಾಕಿ. ಒಣ ಊರುಗಳಲ್ಲಿ ಇದಕ್ಕೆಂದೇ ಪೆಟ್ಟಿಗೆ ಕಟ್ಟಿ ಬಿಸಿನೀರಿನ ಹಬೆ ಕೊಡುತ್ತಾರೆ. ನಿಮ್ಮ ಮಳೆಗಾಲದಲ್ಲಿ ಹಿಂದಿನ ಜಗಲಿಯೇ ಸಾಕು. ಆದರೆ ರಾತ್ರಿಯಿಡೀ ಬಿಟ್ಟರೆ ಕುಳಿ ಬಿದ್ದೀತು, ಮೂರು ನಾಲ್ಕು ಗಂಟೆಗೊಮ್ಮೆ ನೋಡುತ್ತಿರಿ.

ಕೆಂಪು ತುಕ್ಕು ವೆಲ್ವೆಟ್ಟಿನಂತೆ ಸಮನಾಗಿ ಕೂತ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ, ಕುದಿಯುವ ನೀರಿನಲ್ಲಿ ತುಕ್ಕೇ ಮ್ಯಾಗ್ನೆಟೈಟ್ ಆಗುವುದು. ಬಾವಿ ನೀರಾದರೆ ಅದರ ಸುಣ್ಣ ಕಲೆ ಮಾಡುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದಲ್ಲ ಎಂದು ಒಬ್ಬರು ಕೇಳಿದ್ದರು, ಅದರಿಂದ ತೊಂದರೆಯಿಲ್ಲ. ಮೇಲೆ ಉಳಿದ ಮಸಿಯನ್ನು ಅತಿ ನಯವಾದ, ನಾಲ್ಕು ಸೊನ್ನೆಯ ಸ್ಟೀಲ್ ವೂಲಿನಿಂದ ಹಗುರವಾಗಿ ಉಜ್ಜಿ. ಆ ವೂಲಿಗೇ ಎಣ್ಣೆ ಸವರಿರುತ್ತದೆ, ಮೊದಲು ಅದನ್ನು ಅಸಿಟೋನಿನಲ್ಲಿ ಜಾಲಿಸಿ. ಈ ಸುತ್ತು ಆರೆಂಟು ಸಲ ಆಗಬೇಕು. ಮೂರನೆಯ ಸುತ್ತಿನಲ್ಲಿ ಬೂದುಬಣ್ಣ ಕಂಡು ನಿರಾಶರಾಗುವುದು ಸಾಮಾನ್ಯ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿ ಇರುವಾಗಲೇ ಎಣ್ಣೆ ಹಚ್ಚಿ.

ನಳಿಗೆಯನ್ನು ಪರವಾನಗಿ ಇರುವ ಕೋವಿ ದುರಸ್ತಿಗಾರರಿಗೇ ಕೊಡಿ. ಕೊಡವರಿಗೆ ಇರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ದುರಸ್ತಿ ಕೆಲಸಕ್ಕಲ್ಲ. ಸಂಖ್ಯೆಯನ್ನೋ ಗುರುತನ್ನೋ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ, ಹಾಗಾಗಿ ಆ ಜಾಗಕ್ಕೆ ಎಮೆರಿ ತಾಗಿಸಬಾರದೆಂದು ಅವರಿಗೂ ಹೇಳಿ. ಕುಳಿ ಪೂರ್ತಿ ಹೋಗುವವರೆಗೆ ಉಜ್ಜಿಸಲೂ ಬೇಡಿ, ನಳಿಗೆಯ ಗೋಡೆ ತೆಳುವಾಗುತ್ತದೆ.

ತೋಟದ ಮನೆ (ಐದು ವಾರಗಳ ನಂತರ)

ಟ್ರಿಗರ್ ಗಾರ್ಡ್ ಏಳನೆಯ ಸುತ್ತಿಗೆ ಹದಕ್ಕೆ ಬಂತು. ಹೊಳಪಿಲ್ಲದ, ಆಳವಾದ ಕಪ್ಪು. ಎರಡನೆಯ ಸುತ್ತಿನಲ್ಲಿ ಹೆಬ್ಬೆರಳ ಗುರುತು ಮೂಡಿದ್ದರಿಂದ ಮೊದಲಿನಿಂದ ಆರಂಭಿಸಬೇಕಾಯಿತು. ಕೈಗವಸು ತೂತಾಗಿದ್ದು ಗಮನಕ್ಕೆ ಬಂದಿರಲಿಲ್ಲ. ರಂಧ್ರಗಳ ತಗ್ಗು ಹಾಗೆಯೇ ಇದೆ, ಅದಕ್ಕೆ ಮದ್ದಿಲ್ಲ. ನಳಿಗೆ ನಿನ್ನೆ ದುರಸ್ತಿಗಾರರಿಂದ ಬಂತು: ಬಣ್ಣ ಒಂದೇ ಸಮ, ಮುದ್ರೆಗಳು ಮೊದಲಿನಂತೆಯೇ ಸ್ಪಷ್ಟ, ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ. ಬೊಟ್ಟಿನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಎರಡು ಕುಳಿಗಳನ್ನು ಅವರು ಮುಟ್ಟದೆ ಬಿಟ್ಟಿದ್ದಾರೆ. ಈ ಸಲದ ಹಬ್ಬಕ್ಕೆ ಬೊಟ್ಟನ್ನು ಮರದ ಹಿಡಿಗೆ ಇಡುವುದೆಂದು ಅಮ್ಮ ಆಗಲೇ ಹೇಳಿಯಾಗಿದೆ.